ಹದಿನೆಂಟು ನಂಟುಗಳ ಕಥೆ: ಒಗಟೋ, ಅನುಪ್ರೇಕ್ಷೆಯೋ?

ತೊಟ್ಟಿಲ ಶಿಶುವನ್ನು ತೂಗುತ್ತ ಹೆಣ್ಣೊಬ್ಬಳು ಅದನ್ನು ತಮ್ಮ, ಮೈದುನ, ಸೋದರಳಿಯ, ಮಗ, ಚಿಕ್ಕಪ್ಪ, ಮೊಮ್ಮಗ ಎಂದು ಕರೆಯುತ್ತಾಳೆ. ಆರು ಮಾತೂ ನಿಜ. ಇದು ಹೇಗೆಂಬುದೇ ಒಗಟು. ಹಿಂದಿಯಲ್ಲಿ ‘ಅಠಾರಹ ನಾತೇ’ ಎಂದು ಪ್ರಸಿದ್ಧವಾದ ಈ ಕಥೆ ಗುಜರಾತಿಯಲ್ಲಿ ಸಜ್ಝಾಯರೂಪದ ಹಾಡಾಗಿಯೂ ಹರಡಿದೆ. ಬಾಯಿಂದ ಬಾಯಿಗೆ ಸಾಗುವಾಗ ಹೇಳುವವನು ನಂಟುಗಳನ್ನು ಮುಂದಿಟ್ಟು ವೃತ್ತಾಂತವನ್ನು ಮರೆಮಾಡುತ್ತಾನೆ. ಕೇಳುವವನು ಲೆಕ್ಕ ಹೊಂದಿಸಿದೊಡನೆ ತೃಪ್ತನಾಗುತ್ತಾನೆ. ಆ ತೃಪ್ತಿಯಲ್ಲಿಯೇ ಕಥೆಯ ಪ್ರಯೋಜನ ಮರೆಯಾಗುವುದುಂಟು.

ಸಂಘದಾಸಗಣಿಯ ಪ್ರಾಕೃತ ವಸುದೇವಹಿಂಡಿಯಲ್ಲಿಯೂ ಹನ್ನೆರಡನೆಯ ಶತಮಾನದ ಹೇಮಚಂದ್ರನ ಪರಿಶಿಷ್ಟಪರ್ವದಲ್ಲಿಯೂ ಕಥೆ ಮಥುರೆಯದು. ವೇಶ್ಯೆ ಕುಬೇರಸೇನೆ ತನ್ನ ಅವಳಿ ಮಕ್ಕಳನ್ನು ಹೆಸರು ಕೆತ್ತಿದ ಉಂಗುರಗಳೊಡನೆ ಪೆಟ್ಟಿಗೆಯಲ್ಲಿಟ್ಟು ಯಮುನೆಯಲ್ಲಿ ತೇಲಿಬಿಡುತ್ತಾಳೆ. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಕುಬೇರದತ್ತ, ಕುಬೇರದತ್ತೆಯರಿಗೆ ಮುಂದೆ ಪರಸ್ಪರ ವಿವಾಹವಾಗುತ್ತದೆ. ಉಂಗುರಗಳಿಂದ ನಿಜ ತಿಳಿದು ಅವಳು ಆರ್ಯಿಕೆಯಾಗುತ್ತಾಳೆ; ಅವನು ಮಥುರೆಗೆ ಹೋಗಿ, ಅರಿಯದೆ ತಾಯಿಯನ್ನೇ ಕೂಡಿ ಮಗನನ್ನು ಪಡೆಯುತ್ತಾನೆ. ದಿಗಂಬರ ಪರಂಪರೆಯಲ್ಲಿ ಇದೇ ಕಥೆ ಉಜ್ಜಯಿನಿಯ ವಸಂತತಿಲಕೆ, ಧನದೇವ, ಕಮಲೆಯರದು. ಕಾರ್ತಿಕೇಯಾನುಪ್ರೇಕ್ಷೆಗೆ ಶುಭಚಂದ್ರನು 1556ರಲ್ಲಿ ರಚಿಸಿದ ಟೀಕೆಯಲ್ಲಿ ಅದು ವಿಸ್ತಾರವಾಗಿ ಬಂದಿದೆ. ಮೂಲವನ್ನೂ ಟೀಕೆಯನ್ನೂ ಡಾ. ಆ. ನೇ. ಉಪಾಧ್ಯೆಯವರು 1960ರಲ್ಲಿ ಸಂಪಾದಿಸಿ ಪ್ರಕಟಿಸಿದರು.

ಶಿಶುವಿನೊಡನೆ ಆರು ನಂಟು. ಕುಬೇರದತ್ತನು ಅವಳಿಗೆ ಸಹೋದರ, ತಂದೆ, ಅಜ್ಜ, ಪತಿ, ಮಗ, ಮಾವ; ಕುಬೇರಸೇನೆಯು ತಾಯಿ, ಅಜ್ಜಿ, ಸಹೋದರನ ಹೆಂಡತಿ, ಸೊಸೆ, ಅತ್ತೆ, ಸವತಿ. ಹೀಗೆ ಆರರ ಮೂರು ಗುಂಪು. ಪ್ರತಿಯೊಂದರ ಬೇರನ್ನು ಹುಡುಕಿದರೆ ಜನ್ಮಮಾತ್ರದಿಂದ ಬಂದವು ನಾಲ್ಕೇ: ತಾಯಿ, ಸಹೋದರ, ಒಡಹುಟ್ಟಿದ ಶಿಶು, ಸಹೋದರನ ಮಗನಾದ ಶಿಶು. ಅವಳ ವಿವಾಹವೊಂದರಿಂದಲೇ ನಾಲ್ಕು, ತಾಯಿಮಕ್ಕಳ ಕೂಟವೊಂದರಿಂದಲೇ ಐದು, ಎರಡೂ ಸೇರಿದುದರಿಂದ ಉಳಿದ ಐದು. ಎಂದರೆ ಹದಿನೆಂಟರಲ್ಲಿ ಹದಿನಾಲ್ಕು ಅಜ್ಞಾನದಲ್ಲಿ ಮಾಡಿದ ಎರಡು ಸಂಬಂಧಗಳ ಫಲ. ನಿಜ ತಿಳಿದೊಡನೆ ಮುರಿದುಬಿದ್ದ ವಿವಾಹವೂ ಒಂಬತ್ತು ಹೆಸರುಗಳನ್ನು ಉಳಿಸಿಹೋಗಿದೆ. ಮಾಡಿದುದು ಮುಗಿದರೂ ಅದರ ಬಂಧ ಮುಗಿಯದೆಂಬುದನ್ನು ಪಟ್ಟಿಯೇ ತೋರಿಸುತ್ತದೆ.

ಆರಾರರ ಈ ಕಟ್ಟು ಪಾಠಪರಿಷ್ಕರಣಕ್ಕೂ ಉಪಯುಕ್ತ. ಲಿಪಿಕಾರನು ಒಂದು ನಂಟನ್ನು ಬಿಟ್ಟಿದ್ದರೆ ಅಥವಾ ಎರಡು ಸಲ ಬರೆದಿದ್ದರೆ ದೋಷ ಕೂಡಲೇ ಗೋಚರಿಸುತ್ತದೆ. ಆದರೆ ಊಹಿಸಿದ ಪದವನ್ನು ಕಂಸದಲ್ಲಿಡದೆ ಮೂಲದೊಳಗೆ ಸೇರಿಸುವುದು ಸಲ್ಲದು. ಕನ್ನಡಿಸುವವರಿಗೆ ಬೇರೊಂದು ತೊಡಕಿದೆ. ಸಂಸ್ಕೃತದ ‘ಭ್ರಾತಾ’ ಹಿರಿಕಿರಿತನವನ್ನು ಹೇಳುವುದಿಲ್ಲ. ಕನ್ನಡದಲ್ಲಿ ಅಣ್ಣನೋ ತಮ್ಮನೋ ಎಂದು ನಿರ್ಣಯಿಸಲೇಬೇಕು, ಅವಳಿಗಳಲ್ಲಿ ಆ ನಿರ್ಣಯಕ್ಕೆ ಆಧಾರವೆಲ್ಲಿ? ‘ಅಳಿಯ’ ಎಂದರೆ ಸಹೋದರನ ಮಗನೂ ಹೌದು, ಮಗಳ ಗಂಡನೂ ಹೌದು. ‘ಅತ್ತೆ’ಯೂ ಹಾಗೆಯೇ ಎರಡರ್ಥದ್ದು. ಇಂಥಲ್ಲಿ ಸಹೋದರ, ಭ್ರಾತೃಪುತ್ರ ಮುಂತಾದ ತತ್ಸಮಗಳೇ ಲೇಸು. ಇಲ್ಲವಾದರೆ ಮೂಲದಲ್ಲಿಲ್ಲದ ಇನ್ನೊಂದು ಒಗಟು ಹುಟ್ಟುತ್ತದೆ.

ವೇತಾಲನ ಕೊನೆಯ ಪ್ರಶ್ನೆಯೂ ನಂಟಿನದೇ. ತಂದೆ ಮಗಳನ್ನೂ ಮಗ ಆ ಮಗಳ ತಾಯಿಯನ್ನೂ ಮದುವೆಯಾದರೆ ಅವರ ಮಕ್ಕಳು ಪರಸ್ಪರ ಏನಾಗಬೇಕು? ಅಲ್ಲಿ ಅರಸನಿಗೆ ಉತ್ತರ ತೋಚದು, ಆ ಮೌನವೇ ಅವನ ಗೆಲುವು. ಇಲ್ಲಿ ಒಗಟು ಹೇಳುವವಳಿಗೇ ಉತ್ತರ ಗೊತ್ತು. ಗೊತ್ತಿಲ್ಲದ ಇಬ್ಬರನ್ನು ಎಚ್ಚರಿಸಲು ಅವಳು ಹಾಡುತ್ತಾಳೆ. ತನ್ನ ಲಜ್ಜೆಯನ್ನೂ ಅದಕ್ಕಾಗಿ ಬದಿಗಿಡುತ್ತಾಳೆ. ಪರಿಶಿಷ್ಟಪರ್ವದಲ್ಲಿ ಜಂಬೂಕುಮಾರನು ಈ ಕಥೆಯನ್ನು ಪ್ರಭವನಿಗೆ ಹೇಳುವ ಸಂದರ್ಭವೂ ಬಂಧುಗಳನ್ನು ತೊರೆಯುವುದು ತಕ್ಕದ್ದೇ ಎಂಬ ಚರ್ಚೆಯದೇ.

ಕಾರ್ತಿಕೇಯಸ್ವಾಮಿಯ ಸಂಸಾರಾನುಪ್ರೇಕ್ಷೆಯ ಗಾಹೆಗಳಲ್ಲಿ ಹದಿನೆಂಟೆಂಬ ಸಂಖ್ಯೆಯಿಲ್ಲ. ಕೆಲವೇ ನಂಟುಗಳನ್ನು ಹೆಸರಿಸಿ, ಒಂದೇ ಭವದಲ್ಲಿ ಇಷ್ಟಾದರೆ ಧರ್ಮರಹಿತ ಜೀವಗಳಿಗೆ ಅನ್ಯಭವಗಳಲ್ಲಿ ಆಗುವುದನ್ನು ಏನು ಹೇಳುವುದು ಎಂಬರ್ಥದಲ್ಲಿ ಅವು ಮುಗಿಯುತ್ತವೆ. ಒಗಟು ಉತ್ತರದೊಡನೆ ಮುಗಿಯುತ್ತದೆ. ಅನುಪ್ರೇಕ್ಷೆ ಉತ್ತರದಿಂದ ಮೊದಲಾಗುತ್ತದೆ. ಹದಿನೆಂಟನ್ನು ತಪ್ಪಿಲ್ಲದೆ ಎಣಿಸಿದವನು ಕಥೆಯ ಅರ್ಧವನ್ನಷ್ಟೇ ಅರಿತವನು.