82 ಡಿಗ್ರಿ ಅಂದ್ರೆ ಏನರ್ಥ?

ಡ್ಯಾಶ್‌ಬೋರ್ಡ್ ಹಸಿರಾಗಿದ್ರೆ ಮನೆಗೆ ಹೋಗಬಹುದು, ಕೆಂಪಾದ್ರೆ ಫೋನ್ ಬರುತ್ತೆ. ಐಟಿ ಮಂದಿಗೆ ಇದು ಹೊಸತಲ್ಲ. ಹಾಯಿದೋಣಿಯ ಹೊಟ್ಟೆಯಲ್ಲಿ ಕೂತ ಚಿಕ್ಕ ಡೀಸೆಲ್ ಎಂಜಿನ್‌ಗೂ ಇಂಥದ್ದೇ ಒಂದು ಪ್ಯಾನೆಲ್ ಇರುತ್ತೆ. ಹಾಯಿ ಇರುವಾಗ ಎಂಜಿನ್ ಯಾಕೆ ಅಂತೀರಾ? ಗಾಳಿ ಬಿದ್ದುಹೋದಾಗ, ಬಂದರಿನ ಇಕ್ಕಟ್ಟಾದ ಬಾಯಲ್ಲಿ ಬಂಡೆಗಳ ಪಕ್ಕದಲ್ಲೇ ಹಾದುಹೋಗುವಾಗ ಅದೇ ಗತಿ. ಅಂಥ ಹೊತ್ತಲ್ಲಿ ನಾವು ನಂಬುವ ಆ ಪ್ಯಾನೆಲ್ ಬಗ್ಗೆ ನನಗೊಂದು ತಕರಾರಿದೆ.

ಅಗ್ಗದ ಪ್ಯಾನೆಲ್‌ಗಳಲ್ಲಿ ಟೆಂಪರೇಚರ್ ಮೀಟರೇ ಇರಲ್ಲ. ಒಂದು ದೀಪ, ಒಂದು ಬಜರ್, ಅಷ್ಟೆ. ದೀಪ ಹತ್ತುವ ಹೊತ್ತಿಗೆ ಎಂಜಿನ್ ಆಗಲೇ ಮಿತಿ ಮೀರಿ ಬಿಸಿಯಾಗಿರುತ್ತೆ. ಮೀಟರ್ ಇದ್ದರೂ ಅದು ಹೇಳೋದು ಒಂದು ಸಂಖ್ಯೆ ಮಾತ್ರ. ಸೂಜಿ 82 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಒಳಗೆ ಕೂಲೆಂಟ್ ಸುತ್ತುತ್ತಾ, ಹೀಟ್ ಎಕ್ಸ್‌ಚೇಂಜರ್ ಮೂಲಕ ಸಮುದ್ರದ ನೀರಿಗೆ ಬಿಸಿ ಬಿಡುವ ಎಂಜಿನ್ ಆದ್ರೆ ಇದು ಸಹಜ. ಉಪ್ಪುನೀರೇ ನೇರವಾಗಿ ಎಂಜಿನ್ನೊಳಗೆ ಹರಿಯುವ ಹಳೇ ಮಾದರಿಯಾದ್ರೆ ಇದು ಅಪಾಯ. ಹೆಚ್ಚು ಬಿಸಿಯಲ್ಲಿ ಉಪ್ಪು ಒಳಗೋಡೆಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತೆ ಅಂತಲೇ ಅದರ ಥರ್ಮೋಸ್ಟಾಟನ್ನು ಸುಮಾರು 55-60ಕ್ಕೆ ಇಟ್ಟಿರ್ತಾರೆ. ಸಂಖ್ಯೆ ಒಂದೇ, ಅರ್ಥ ಎರಡು.

ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಸೆನ್ಸರ್ ಅಳೆಯೋದು ತನ್ನನ್ನು ಮುಟ್ಟಿರುವ ನೀರನ್ನು. ಪೈಪ್ ಒಡೆದು ಕೂಲೆಂಟ್ ಎಲ್ಲಾ ಸೋರಿಹೋದ್ರೆ ಸೆನ್ಸರ್ ಬರೀ ಗಾಳಿಯಲ್ಲಿ ಉಳಿಯುತ್ತೆ, ಸೂಜಿ ಕೆಳಗಿಳಿಯಲೂಬಹುದು. ಎಂಜಿನ್ ಸುಡುತ್ತಿದೆ, ಪ್ಯಾನೆಲ್ ಮಾತ್ರ ‘ಎಲ್ಲಾ ತಂಪು’ ಅನ್ನುತ್ತೆ! ತುಕ್ಕು ಹಿಡಿದ ಒಂದು ಅರ್ತ್ ವೈರ್ ಸಾಕು, ಸೂಜಿ ದಾರಿ ತಪ್ಪೋಕೆ. ಅನುಮಾನ ಬಂದ್ರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಥರ್ಮೋಸ್ಟಾಟ್ ಇರುವ ಜಾಗದ ಬಿಸಿ ನೋಡಿ ತಾಳೆ ಹಾಕಬೇಕು.

ಸರಿ, ಮ್ಯಾನ್ಯುಯಲ್ ತೆಗೀತೀರಿ. ಅಲ್ಲಿ ‘ಎಂಜಿನ್ ಬಿಸಿಯಾಗುತ್ತಿದೆ’ ಅನ್ನೋ ಒಂದು ಸಾಲು, ಎದುರಿಗೆ ಹತ್ತು ಕಾರಣ. ಹತ್ತೂ ನಿಜ. ಆದ್ರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಇಲ್ಲ: ಹೇಗೆ ಬಿಸಿಯಾಯ್ತು? ಇದ್ದಕ್ಕಿದ್ದಂತೆ ಅಂದ್ರೆ ದೋಣಿಯ ಹಿಂದೆ ಬಗ್ಗಿ ನೋಡಿ. ಹೊಗೆಯ ಜೊತೆ ಚೆಲ್ಲಬೇಕಾದ ನೀರು ಕಡಿಮೆಯಾಗಿದ್ರೆ, ನೀರೆಳೆಯುವ ತೂತಿಗೆ ಪ್ಲಾಸ್ಟಿಕ್ ಚೀಲ ಅಂಟಿರಬಹುದು ಅಥವಾ ಪಂಪಿನ ರಬ್ಬರ್ ಇಂಪೆಲ್ಲರ್ ಹರಿದಿರಬಹುದು. ಹೊಸ ಇಂಪೆಲ್ಲರ್ ಹಾಕಿದ್ರೆ ಮುಗೀಲಿಲ್ಲ, ಮುರಿದ ಎಸಳುಗಳನ್ನು ಹುಡುಕಿ ತೆಗೀಬೇಕು. ಇಲ್ಲಾಂದ್ರೆ ಅವು ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಸಿಕ್ಕಿಕೊಳ್ಳುತ್ತವೆ. ತಿಂಗಳುಗಟ್ಟಲೆ ನಿಧಾನವಾಗಿ ಏರಿದ್ರೆ ಒಳಗೆ ಉಪ್ಪು ಕಟ್ಟಿರಬಹುದು, ಇಲ್ಲವೇ ಹೊಗೆ-ನೀರು ಸೇರುವ ಮೊಣಕೈ ಪೈಪಿನಲ್ಲಿ ಮಸಿ ತುಂಬಿರಬಹುದು. ಜೋರಾಗಿ ಓಡಿಸಿದಾಗ ಮಾತ್ರ ಬಿಸಿ ಅಂದ್ರೆ ನೀರಿನ ದಾರಿ ಅರ್ಧ ಕಟ್ಟಿರಬಹುದು. ಪ್ರೊಪೆಲ್ಲರ್‌ಗೆ ಚಿಪ್ಪು ಬೆಳೆದು ಎಂಜಿನ್ನಿಗೆ ಹೊರೆ ಜಾಸ್ತಿಯಾಗಿರಲೂಬಹುದು. ಸೂಜಿ ಮೇಲೇಳದಿದ್ರೂ ಖುಷಿಪಡಬೇಡಿ: ಥರ್ಮೋಸ್ಟಾಟ್ ತೆರೆದೇ ನಿಂತಿರಬಹುದು, ಸದಾ ತಣ್ಣಗೆ ಓಡುವ ಡೀಸೆಲ್ ಎಂಜಿನ್ ಒಳಗೊಳಗೇ ಮಸಿ ಕಟ್ಟಿಕೊಳ್ಳುತ್ತೆ.

ನೈಜೆಲ್ ಕಾಲ್ಡರ್ ಅವರ ದೋಣಿ-ಯಂತ್ರಗಳ ಕೈಪಿಡಿ ಮೊದಲು ಬಂದದ್ದು 1990ರಲ್ಲಿ. ಹಾಯಿಗಾರರು ಇವತ್ತಿಗೂ ಅದನ್ನು ಬಿಡದಿರೋಕೆ ಕಾರಣವಿದೆ. ಅದರಲ್ಲೂ ಪಟ್ಟಿಗಳಿವೆ, ಆದ್ರೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದನ್ನೂ ಬಿಡಿಸಿ ಹೇಳುತ್ತೆ. ಓದುಗ ಯೋಚಿಸಬಲ್ಲ ಅನ್ನೋ ನಂಬಿಕೆ ಅಲ್ಲಿದೆ. ತೊಂದರೆ ಅಂದ್ರೆ ಅದರ ಗಾತ್ರ. ಬಜರ್ ಕಿರುಚುತ್ತಿರುವಾಗ ತೆರೆಯುವ ಪುಸ್ತಕ ಅದಲ್ಲ, ದಡದಲ್ಲಿರುವಾಗಲೇ ಓದಿಕೊಂಡಿರಬೇಕು.

ಪ್ಯಾನೆಲ್ ಮಾಡುವವರಿಗೆ ನನ್ನದು ಎರಡೇ ಕೋರಿಕೆ. ಎಕ್ಸಾಸ್ಟ್ ಪೈಪಿನ ಬಿಸಿ ನೋಡಿ ಎಚ್ಚರಿಸುವ ಅಲಾರಂ ಬೇರೆಯಾಗಿ ಸಿಗುತ್ತೆ. ಸಮುದ್ರದ ನೀರು ನಿಂತರೆ ಅದು ಕೂಲೆಂಟ್ ಕಾಯುವ ಮೊದಲೇ ಕೂಗುತ್ತೆ. ಅದನ್ನು ಎಂಜಿನ್ ಜೊತೆಗೇ ಕೊಡಿ. ಇನ್ನೊಂದು, ಸೂಜಿಯ ಪಕ್ಕ ಬರೆದಿಡೋಕೆ ಒಂದಿಷ್ಟು ಜಾಗ ಬಿಡಿ: ತಾರೀಕು, ಆರ್‌ಪಿಎಂ, ಡಿಗ್ರಿ. ಹೋದ ತಿಂಗಳು ಇದೇ ವೇಗದಲ್ಲಿ 76 ಇತ್ತು ಅಂತ ಗೊತ್ತಿದ್ದವನಿಗೆ ಮಾತ್ರ ಇವತ್ತಿನ 82 ಏನೋ ಹೇಳುತ್ತೆ.