ಕಮಾನು ನೋಡುವವರು ಮೊದಲು ಕಾಲು ನೋಡಿ

ಸಿಕ್ಕಿಂ ಪ್ರವಾಸ ಮುಗಿಸಿ ಬಂದವರ ಮೊಬೈಲಿನಲ್ಲಿ ಸೇವೋಕ್‌ನ ಕಾರೊನೇಷನ್ ಸೇತುವೆಯ ಫೋಟೊ ಇದ್ದೇ ಇರುತ್ತದೆ. ಹುಲಿ ಪ್ರತಿಮೆಯ ಪಕ್ಕ ಒಂದು ಸೆಲ್ಫಿ, ಹಿಂದೆ ತೀಸ್ತಾ ನದಿ. ಕಮಾನೇ ಇಲ್ಲ! ಕಮಾನಿನ ಮೇಲೆ ನಿಂತವರಿಗೆ ಕಮಾನು ಕಂಡೀತು ಹೇಗೆ? ಬಣ್ಣದ ಲೈಟು ಹಾಕಿದ ಕೇಬಲ್ ಸೇತುವೆಗೆ ಬಾಯಿ ಬಿಡುವವರಿಗೆ ನಾನು ಏನೂ ಹೇಳಲಾರೆ. ಕಲಿಯುವ ಮನಸ್ಸಿದ್ದವರು ಮಾತ್ರ ಮುಂದೆ ಓದಿ.

ಪಕ್ಕಕ್ಕೆ ಹೋಗಿ ನಿಲ್ಲಿ. ಕಣ್ಣು ನೆತ್ತಿಗೆ ಹೋಗುತ್ತದೆ, ಎಳೆದು ಕಾಲಿಗೆ ತನ್ನಿ. ಕಮಾನು ಬಂಡೆಯೊಳಗೆ ಇಳಿಯುವ ಆ ಜಾಗವೇ ಸೇತುವೆ. ತೀಸ್ತಾದ ಆಳಕ್ಕೂ ಸೆಳವಿಗೂ ನಡುವೆ ಕಂಬ ನಿಲ್ಲಿಸಲಾಗದೆ 1937ರಲ್ಲಿ ಶುರುವಾಗಿ 1941ರಲ್ಲಿ ಮುಗಿದ ಈ ಕಾಂಕ್ರೀಟ್ ಕಮಾನು ಎರಡು ದಡದ ಬಂಡೆಯನ್ನೇ ನಂಬಿದೆ. ಕಮಾನು ಬಂಡೆಯನ್ನು ಬರೀ ಕೆಳಕ್ಕೆ ಅದುಮುವುದಿಲ್ಲ, ಹೊರಕ್ಕೂ ನೂಕುತ್ತದೆ. ಎತ್ತರ ಅರ್ಧಕ್ಕಿಳಿಸಿದರೆ ನೂಕು ಇಮ್ಮಡಿ. ಸ್ವಿಟ್ಜರ್ಲೆಂಡಿನ ಸಾಲ್ಗಿನಾ ಕಣಿವೆಯಲ್ಲಿ ರಾಬರ್ಟ್ ಮೈಯಾರ್ 1930ರಲ್ಲಿ ಮುಗಿಸಿದ ಸೇತುವೆಯ ಹರವು 90 ಮೀಟರ್, ಎತ್ತರ ಬರೀ 13. ಭಾರ ಸಮನಾಗಿ ಹರಡಿದೆ ಎಂದುಕೊಂಡು ಲೆಕ್ಕ ಹಾಕಿ: ಪ್ರತಿ ಕಾಲು ಹೊತ್ತ ಭಾರ ಒಟ್ಟಿನ ಅರ್ಧ, ಹೊರಕ್ಕೆ ನೂಕುವುದು ಒಟ್ಟಿನ ಮುಕ್ಕಾಲಿಗೂ ಮಿಗಿಲು. ಬಂಡೆ ಸಡಿಲವಿದ್ದರೆ ಮೇಲಿನ ಅಂದ ಕಟ್ಟಿಕೊಂಡು ಏನು ಮಾಡುವುದು? ಚೆನಾಬ್ ಸೇತುವೆ ಉಕ್ಕಿನದು, ನನ್ನ ಪಂಗಡವಲ್ಲ. ಆದರೂ ಎಲ್ಲರೂ 359 ಮೀಟರ್ ಎತ್ತರವನ್ನು ಕೊಂಡಾಡುವಾಗ ನಾನು ನೆನೆಯುವುದು ಅದರ ಕಾಲ ಕೆಳಗಿನ ಇಳಿಜಾರನ್ನು ವರ್ಷಗಟ್ಟಲೆ ಪರಿಶೀಲಿಸಿದ ಬೆಂಗಳೂರಿನ ಐಐಎಸ್‌ಸಿಯ ಜಿ. ಮಾಧವಿ ಲತಾ ಅವರನ್ನು.

ನನಗೆ ಈ ಹುಚ್ಚು ಹಿಡಿಸಿದ್ದು ಸಾಲ್ಗಿನಾ ಕಟ್ಟುವಾಗಿನ ಒಂದು ಫೋಟೊ. ಅದರಲ್ಲಿ ಕಾಂಕ್ರೀಟೇ ಇಲ್ಲ, ಬರೀ ಸೆಂಟ್ರಿಂಗ್. ಕಣಿವೆಯ ಗೋಡೆಯಿಂದ ಬೀಸಣಿಗೆಯಂತೆ ಬಿಚ್ಚಿಕೊಂಡ ತೆಳ್ಳನೆ ಮರದ ದಿಮ್ಮಿಗಳು, ರಿಚರ್ಡ್ ಕೊರೈ ಎಂಬ ಬಡಗಿಯ ಕೆಲಸ. ಮೈಯಾರ್ ಜಾಣ. ಮೊದಲು ತೆಳು ಕಮಾನು ಹಲಗೆಯನ್ನಷ್ಟೇ ಸುರಿಸಿದ. ಅದು ಗಟ್ಟಿಯಾದ ಮೇಲೆ ಉಳಿದ ಭಾರ ಅದರ ಪಾಲು. ಹಾಗಾಗಿ ಮರ ಕಡಿಮೆ ಸಾಕಾಯಿತು. ಗುಡ್ಡಗಾಡಿಗೆ ಮರ ಸಾಗಿಸುವವನಿಗೆ ಅದರ ಬೆಲೆ ಗೊತ್ತು. ಎರಡೂ ಕಾಲಿನಿಂದ ಸಮಸಮನಾಗಿ ಸುರಿಯುತ್ತ ನೆತ್ತಿಗೆ ಬರಬೇಕು. ಒಂದು ಕಡೆ ಹೆಚ್ಚಾದರೆ ಸೆಂಟ್ರಿಂಗ್ ವಾಲುತ್ತದೆ. ಬಿಚ್ಚುವಾಗಲೂ ಅಷ್ಟೇ, ನೆತ್ತಿಯಿಂದ ಶುರುಮಾಡಿ ಎರಡೂ ಕಡೆಗೆ ನಿಧಾನವಾಗಿ ಸಡಿಲಿಸಬೇಕು.

ರೇಲಿಂಗು, ದೀಪ, ಡಾಂಬರು? ನೋಡದಿದ್ದರೂ ನಷ್ಟವಿಲ್ಲ.

ಅಷ್ಟು ದೂರ ಹೋಗಲಾಗದವರು ನಮ್ಮ ಶಿವಪುರಕ್ಕೆ ಬನ್ನಿ. 1938ರ ಧ್ವಜ ಸತ್ಯಾಗ್ರಹದ ಸೌಧ ನೋಡಿಕೊಂಡು ಮದ್ದೂರಿನ ಹಳೆಯ ಸೇತುವೆಯತ್ತ ನಡೆಯಿರಿ. ಕಾಂಕ್ರೀಟಲ್ಲ, ಇಟ್ಟಿಗೆ, ಬೆಟ್ಟವಲ್ಲ, ಬಯಲು. ಆದರೂ ಪಾಠ ಅದೇ: ನಡುವಿನ ಕಂಬದಲ್ಲಿ ಅಕ್ಕಪಕ್ಕದ ಕಮಾನುಗಳ ನೂಕು ಒಂದನ್ನೊಂದು ಕಳೆಯುತ್ತದೆ, ದಡದ ಕಟ್ಟಡಕ್ಕೆ ಮಾತ್ರ ಆ ಭಾಗ್ಯವಿಲ್ಲ. ಬೇಸಿಗೆಯಲ್ಲೇ ಬನ್ನಿ, ಶಿಂಷಾದಲ್ಲಿ ನೀರು ತುಂಬಿದ್ದರೆ ಕೆಳಗಿಳಿಯಲಾಗದು. ಮದ್ದೂರು ವಡೆ ಆಮೇಲೆ ತಿನ್ನಿ.