ಕಾಲಲ್ಲೇ ವಾಲಿಬಾಲ್

ಬಲೆ ಬ್ಯಾಡ್ಮಿಂಟನ್ನಿನಷ್ಟೇ ಎತ್ತರ, ಸುಮಾರು 1.5 ಮೀಟರ್. ಆದರೆ ಸೆಪಕ್ ಟಕ್ರಾದಲ್ಲಿ ಕೈಗೆ ಕೆಲಸ ಒಂದೇ: ಸರ್ವ್ ಮಾಡಲೆಂದು ಜೊತೆಗಾರನಿಗೆ ಚೆಂಡು ಎಸೆಯುವುದು. ಮಿಕ್ಕಿದ್ದೆಲ್ಲ ಪಾದ, ಮೊಣಕಾಲು, ಎದೆ, ತಲೆಯ ಪಾಲು.

ನೋಡಬೇಕಾದದ್ದು ಸ್ಪೈಕ್. ಬಲೆಗೆ ಬೆನ್ನು ಕೊಟ್ಟ ಆಟಗಾರ ಮೇಲಕ್ಕೆ ಚಿಮ್ಮಿ, ಗಾಳಿಯಲ್ಲೇ ಲಾಗ ಹಾಕಿ, ತಲೆಗಿಂತ ಮೇಲೆತ್ತಿದ ಪಾದದಿಂದ ಚೆಂಡನ್ನು ಎದುರಾಳಿಯ ಅಂಗಳಕ್ಕೆ ಬಡಿಯುತ್ತಾನೆ. ಇಳಿಯುವಾಗ ಮತ್ತೆ ಕಾಲ ಮೇಲೇ ನಿಲ್ಲುತ್ತಾನೆ. ಇಷ್ಟೆಲ್ಲ ಸಾಹಸಕ್ಕೆ ಸಿಗುವುದು ಒಂದೇ ಅಂಕ!

ಹಿಂದೆ ಚೆಂಡು ಬೆತ್ತದ ಹೆಣಿಗೆಯದು, ಈಗ ಸಿಂಥೆಟಿಕ್. 12 ತೂತುಗಳು ಮಾತ್ರ ಹಾಗೇ ಇವೆ.

ಥಾಯ್ಲೆಂಡ್, ಮಲೇಷ್ಯಾ ಮೆರೆಯುವ ಈ ಆಟದ ವಿಶ್ವಕಪ್ 2025ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆಯಿತು. ಮೂವರಾಡುವ ರೆಗು ವಿಭಾಗದಲ್ಲಿ ಭಾರತದ ಪುರುಷರು ಜಪಾನನ್ನು 2–1ರಿಂದ ಮಣಿಸಿ ಚಿನ್ನ ಗೆದ್ದರು. ಕ್ರಿಕೆಟ್ಟಿನಿಂದ ಬಿಡುವಾದಾಗ ಈ ಆಟದ ವಿಡಿಯೊ ಒಂದನ್ನಾದರೂ ನೋಡಿ.